ಎರಡೇ ಎರಡು ಗೆಲುವು: 2026ರ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ತಂಡದಲ್ಲಿ ಏನಿದೆ, ಏನಿಲ್ಲ

81 ಗೆಲುವು, 81 ಸೋಲು. ಕಳೆದ ವರ್ಷ, ಅಂದರೆ 2025ರಲ್ಲಿ, 162 ಪಂದ್ಯ ಆಡಿ ಮುಗಿಸಿದಾಗ ಅಮೆರಿಕದ ಬೇಸ್‌ಬಾಲ್ ತಂಡ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ನಿಂತಿದ್ದು ಅಲ್ಲಿ. 2022ರಲ್ಲೂ ಇದೇ 81–81. ನಡುವಿನ ಎರಡು ವರ್ಷ ನೋಡಿದರೆ 2023ರಲ್ಲಿ 79 ಗೆಲುವು, 2024ರಲ್ಲಿ 80. ಅದಕ್ಕೂ ಮುಂಚೆ, 2021ರಲ್ಲಿ, ಇದೇ ತಂಡ 107 ಪಂದ್ಯ ಗೆದ್ದಿತ್ತು. ಅಲ್ಲಿಂದ ಬಿದ್ದ ಮೇಲೆ ನಾಲ್ಕು ವರ್ಷ ಒಂದೇ ಜಾಗದಲ್ಲಿ ಕಾಲು ಬಡಿಯುತ್ತಿದೆ. ಮುಳುಗುವುದೂ ಇಲ್ಲ, ದಡ ಸೇರುವುದೂ ಇಲ್ಲ.

ಅಭಿಮಾನಿಯಾಗಿ ನನಗೆ ಹೆಚ್ಚು ನೋವು ಕೊಡುವ ಸಂಖ್ಯೆ 81 ಅಲ್ಲ, 83. ಮೇಜರ್ ಲೀಗ್ ಬೇಸ್‌ಬಾಲ್‌ನ ಎರಡು ಭಾಗಗಳಲ್ಲಿ ಒಂದಾದ, ನಾವಿರುವ ನ್ಯಾಷನಲ್ ಲೀಗ್‌ನಲ್ಲಿ ಪ್ಲೇಆಫ್‌ಗೆ ಆರು ತಂಡ ಹೋಗುತ್ತವೆ. ಮೂರು ವಿಭಾಗಗಳ ಮೊದಲ ಸ್ಥಾನದವರು, ಉಳಿದವರಲ್ಲಿ ಒಳ್ಳೆಯ ದಾಖಲೆ ಇರುವ ಮೂವರು. 2025ರಲ್ಲಿ ಆ ಕೊನೆಯ ಜಾಗ ಸಿನ್ಸಿನಾಟಿ ರೆಡ್ಸ್ ಪಾಲಾಯಿತು, ಬರೀ 83 ಗೆಲುವಿಗೆ. ನ್ಯೂಯಾರ್ಕ್ ಮೆಟ್ಸ್ ಕೂಡ 83 ಗೆದ್ದು, ಪರಸ್ಪರ ಆಡಿದ ಪಂದ್ಯಗಳ ಲೆಕ್ಕದಲ್ಲಿ ಹೊರಗುಳಿಯಿತು. ಅಂದರೆ ನಮ್ಮವರು ಬಾಗಿಲಿನಿಂದ ಎರಡು ಹೆಜ್ಜೆ ದೂರದಲ್ಲಿದ್ದರು. ಆರು ತಿಂಗಳು, 162 ಪಂದ್ಯ, ಅದರಲ್ಲಿ ಎರಡು.

ಹಾಗಾಗಿ ಮಾರ್ಚ್ 25ಕ್ಕೆ ನ್ಯೂಯಾರ್ಕ್ ಯಾಂಕೀಸ್ ವಿರುದ್ಧ ನಮ್ಮದೇ ಮೈದಾನ ಒರಾಕಲ್ ಪಾರ್ಕ್‌ನಲ್ಲಿ ಹೊಸ ಋತು ಶುರುವಾಗುವ ಮುಂಚೆ ನಾನು ಕೇಳಿಕೊಳ್ಳುತ್ತಿರುವ ಪ್ರಶ್ನೆ ತುಂಬಾ ಸಣ್ಣದು. ಇದು ಚಾಂಪಿಯನ್ ತಂಡವೇ ಅಂತಲ್ಲ. ಆ ಎರಡು, ಮೂರು, ಐದು ಹೆಚ್ಚುವರಿ ಗೆಲುವು ಎಲ್ಲಿಂದ ಬರುತ್ತದೆ? ಚಳಿಗಾಲವಿಡೀ ತಂಡ ಏನೇನು ಮಾಡಿತು ಅಂತ ನೋಡಿದ ಮೇಲೆ ನನಗೆ ಅನಿಸಿದ್ದು ಇಷ್ಟು. ಬ್ಯಾಟಿಂಗ್‌ನಲ್ಲಿ, ಔಟ್‌ಫೀಲ್ಡ್‌ನಲ್ಲಿ ಬೇಕಾದ ರಿಪೇರಿ ಆಗಿದೆ. ಆದರೆ ಒಂಬತ್ತು ಇನಿಂಗ್ಸ್ ಪಂದ್ಯದ ಕೊನೆಯ ಮೂರು ಇನಿಂಗ್ಸ್ ಯಾರು ಕಾಯುತ್ತಾರೆ ಅನ್ನುವ ಪ್ರಶ್ನೆಗೆ ಸರಿಯಾದ ಉತ್ತರ ಇನ್ನೂ ಸಿಕ್ಕಿಲ್ಲ.

ಕ್ರಿಕೆಟ್ ನೋಡಿ ಬೆಳೆದವರಿಗೆ ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಗೊಂದಲ ಆಗುತ್ತದೆ. ಇಲ್ಲಿ ತಂಡ ಅಂದರೆ 26 ಜನ. ಅದರಲ್ಲಿ ಪಿಚರ್‌ಗಳು, ಅಂದರೆ ಚೆಂಡು ಎಸೆಯುವವರು, 13 ಮೀರುವಂತಿಲ್ಲ. ಸಾಮಾನ್ಯವಾಗಿ ಐದು ಜನ ಪಂದ್ಯ ಶುರು ಮಾಡುವವರು, ಎಂಟು ಜನ ನಡುವೆ ಬಂದು ಎಸೆಯುವವರು. ಹೆಚ್ಚು ಕಡಿಮೆ ದಿನಾ ಪಂದ್ಯ ಇರುತ್ತದೆ. ಶುರು ಮಾಡಿದವನು ಮತ್ತೆ ಎಸೆಯುವುದು ಐದನೇ ಅಥವಾ ಆರನೇ ದಿನಕ್ಕೆ. ಈ 26ರ ಹಿಂದೆ ಇನ್ನೂ ದೊಡ್ಡ ಪಟ್ಟಿ ಒಂದಿದೆ, 40 ಜನರದ್ದು. ಮೇಲಿನ 26ರಲ್ಲಿ ಇಲ್ಲದವರು ಕೆಳಗಿನ ದರ್ಜೆಯ ತಂಡದಲ್ಲಿ ಆಡುತ್ತಾ ಕರೆಗೆ ಕಾಯುತ್ತಿರುತ್ತಾರೆ. ಜೈಂಟ್ಸ್‌ಗೆ ಆ ತಂಡ ಸ್ಯಾಕ್ರಮೆಂಟೊ ರಿವರ್ ಕ್ಯಾಟ್ಸ್. ಕಾರಿನಲ್ಲಿ ಎರಡು ಗಂಟೆ ದೂರ. ಬೆಳಿಗ್ಗೆ ಒಬ್ಬನ ಭುಜ ನೋಯುತ್ತಿದೆ ಅಂದರೆ ಸಂಜೆಗೆ ಇನ್ನೊಬ್ಬ ಬಂದು ಸಮವಸ್ತ್ರ ಹಾಕಿಕೊಳ್ಳಬಹುದು. ಹಾಗಾಗಿ ಋತುವಿನ ಮೊದಲ ದಿನ ಕಾಣುವ ಪಟ್ಟಿ ಬರೀ ಒಂದು ದಿನದ ಚಿತ್ರ. ವರ್ಷ ಕಳೆಯುವಷ್ಟರಲ್ಲಿ ನಲವತ್ತಕ್ಕಿಂತ ಜಾಸ್ತಿ ಜನ ಆಡಿರುತ್ತಾರೆ.

ಈಗ ಬ್ಯಾಟಿಂಗ್. ಕಳೆದ ಜೂನ್ 15ರಂದು ಜೈಂಟ್ಸ್ ಬಾಸ್ಟನ್‌ನಿಂದ ರಾಫೆಲ್ ಡೆವರ್ಸ್‌ನನ್ನು ತಂದುಕೊಂಡಾಗ ನಾವೆಲ್ಲ ಕುಣಿದುಬಿಟ್ಟಿದ್ದೆವು. 2033ರವರೆಗೆ 31.35 ಕೋಟಿ ಡಾಲರ್ ಒಪ್ಪಂದ ಇರುವ ಬ್ಯಾಟರ್ ಆತ. ಬಾಸ್ಟನ್‌ನಲ್ಲಿ ಅವನಿಗೂ ಆಡಳಿತಕ್ಕೂ ಜಟಾಪಟಿ ಆಗಿತ್ತು. ಮೊದಲು ಥರ್ಡ್ ಬೇಸ್ (ಬ್ಯಾಟರ್ ಓಡಿ ಮುಟ್ಟಬೇಕಾದ ಬೇಸ್‌ಗಳಲ್ಲಿ ಮೂರನೆಯದು) ಕಾಯುವುದು ಬಿಟ್ಟುಕೊಡು, ಬರೀ ಬ್ಯಾಟ್ ಮಾಡು ಅಂದರು. ಆಮೇಲೆ ಅಲ್ಲಿನ ಫಸ್ಟ್ ಬೇಸ್ ಆಟಗಾರ ಗಾಯಗೊಂಡಾಗ ಆ ಜಾಗಕ್ಕೆ ಹೋಗು ಅಂದರು. ಆತ ಒಪ್ಪಲಿಲ್ಲ. ಇಲ್ಲಿಗೆ ಬಂದವನೇ ಫಸ್ಟ್ ಬೇಸ್ ಕಲಿಯಲು ಶುರು ಮಾಡಿದ, ಜುಲೈನಲ್ಲಿ ಆಡಿಯೂ ಬಿಟ್ಟ. ಎರಡೂ ತಂಡದ ಲೆಕ್ಕ ಸೇರಿಸಿ 35 ಹೋಮ್ ರನ್ (ನಮ್ಮ ಸಿಕ್ಸರ್ ಥರ ಗೋಡೆ ದಾಟುವ ಹೊಡೆತ) ಹೊಡೆದ.

ಆದರೂ ಏನಾಯಿತು ನೋಡಿ. ಡೆವರ್ಸ್ ಬಂದ ದಿನ ಜೈಂಟ್ಸ್ ದಾಖಲೆ 41–31. ಅದಾದ ಮೇಲೆ 40–50. ಒಬ್ಬ ದೊಡ್ಡ ಬ್ಯಾಟರ್ ಬಂದ ಮಾತ್ರಕ್ಕೆ ತಂಡ ನೆಟ್ಟಗಾಗುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾಗಿಲ್ಲ. ಅವನ ತಪ್ಪು ಅಂತ ಯಾರೂ ಹೇಳಲಾರರು. ಅವನ ಹಿಂದೆ ಮುಂದೆ ಬರುತ್ತಿದ್ದವರು ಬೇಸ್ ಮೇಲೆ ನಿಲ್ಲುತ್ತಿರಲಿಲ್ಲ. ಮೂರು ಸಲ ಚೆಂಡು ತಾಗದೆ ಸ್ಟ್ರೈಕ್ ಔಟ್ ಆಗಿ ವಾಪಸ್ ಬರುತ್ತಿದ್ದರು.

ಅದಕ್ಕೇ ಈ ಚಳಿಗಾಲದಲ್ಲಿ ಲೂಯಿಸ್ ಅರಾಯೆಸ್ ಬಂದದ್ದು ನನಗೆ ತುಂಬಾ ಇಷ್ಟವಾಯಿತು. ಒಂದು ವರ್ಷ, 1.2 ಕೋಟಿ ಡಾಲರ್. 2022, 2023, 2024, ಸಾಲಾಗಿ ಮೂರು ವರ್ಷ ಅತಿ ಹೆಚ್ಚು ಬ್ಯಾಟಿಂಗ್ ಸರಾಸರಿಯ (ಎಷ್ಟು ಸಲ ಬ್ಯಾಟ್ ಮಾಡಿದ್ದಕ್ಕೆ ಎಷ್ಟು ಹಿಟ್ ಅನ್ನುವ ಲೆಕ್ಕ) ಪಟ್ಟ ಗೆದ್ದವನು, ಅದೂ ಬೇರೆ ಬೇರೆ ತಂಡಗಳಲ್ಲಿ ಇದ್ದುಕೊಂಡು. ಕಳೆದ ವರ್ಷ ಇಡೀ ಋತುವಿನಲ್ಲಿ ಅವನು ಸ್ಟ್ರೈಕ್ ಔಟ್ ಆಗಿದ್ದು 21 ಸಲ. ಬೇರೆಯವರು ಒಂದು ತಿಂಗಳಲ್ಲಿ ಅಷ್ಟಾಗುತ್ತಾರೆ! ದೊಡ್ಡ ಹೊಡೆತ ಅವನಿಂದ ಬರುವುದಿಲ್ಲ. ಆದರೆ ಚೆಂಡು ಬ್ಯಾಟಿಗೆ ತಾಗುತ್ತದೆ, ಖಾಲಿ ಜಾಗಕ್ಕೆ ಬೀಳುತ್ತದೆ, ಅವನು ಬೇಸ್ ಮೇಲೆ ನಿಂತಿರುತ್ತಾನೆ. ಹಿಂದೆ ಡೆವರ್ಸ್, ವಿಲ್ಲಿ ಅಡಾಮೆಸ್, ಮ್ಯಾಟ್ ಚಾಪ್‌ಮನ್ ಬರುವಾಗ ಅಷ್ಟು ಸಾಕು.

ಅಡಾಮೆಸ್ ಬಗ್ಗೆ ಒಂದು ಮಾತು. ಏಳು ವರ್ಷಕ್ಕೆ 18.2 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡು ಬಂದ ಈ ಶಾರ್ಟ್‌ಸ್ಟಾಪ್ (ಸೆಕೆಂಡ್ ಮತ್ತು ಥರ್ಡ್ ಬೇಸ್ ನಡುವೆ ನಿಲ್ಲುವವನು) ಮೊದಲ ಎರಡು ತಿಂಗಳು ಒದ್ದಾಡಿದ. ಕೊನೆಗೆ 30 ಹೋಮ್ ರನ್‌ಗೆ ಬಂದು ನಿಂತ. ಜೈಂಟ್ಸ್ ಪರವಾಗಿ ಒಬ್ಬ ಆಟಗಾರ ಒಂದೇ ಋತುವಿನಲ್ಲಿ 30 ಹೊಡೆದದ್ದು 2004ರ ಬ್ಯಾರಿ ಬಾಂಡ್ಸ್ ನಂತರ ಅದೇ ಮೊದಲು. ಇಪ್ಪತ್ತು ವರ್ಷ! ಇದಕ್ಕೆ ಕಾರಣ ಆಟಗಾರರಷ್ಟೇ ಅಲ್ಲ, ಮೈದಾನ ಕೂಡ.

ಒರಾಕಲ್ ಪಾರ್ಕ್‌ಗೆ ಹೋದವರಿಗೆ ಗೊತ್ತಿರುತ್ತದೆ. ಸನ್ನಿವೇಲ್‌ನಲ್ಲಿ ಬಿಸಿಲಿಗೆ ಬೆವರುತ್ತಾ ಕ್ಯಾಲ್‌ಟ್ರೇನ್ ಹತ್ತಿ, ಕೊನೆಯ ಸ್ಟೇಷನ್‌ನಲ್ಲಿ ಇಳಿದು ನಡೆದುಕೊಂಡು ಒಳಗೆ ಹೋಗುವಷ್ಟರಲ್ಲಿ ಸ್ವೆಟರ್ ಬೇಕಾಗುತ್ತದೆ, ಜುಲೈ ತಿಂಗಳಲ್ಲೂ. ಸಮುದ್ರದ ಕಡೆಯಿಂದ ಬೀಸುವ ಆ ತಣ್ಣನೆಯ ತೇವದ ಗಾಳಿಯಲ್ಲಿ ಚೆಂಡು ದೂರ ಹೋಗುವುದಿಲ್ಲ. ಬಲಗಡೆ ಮೂಲೆಯ ಗೋಡೆ ಬರೀ 309 ಅಡಿ ದೂರ, ಆದರೆ 24 ಅಡಿ ಎತ್ತರ. ಅಲ್ಲಿಂದ ಸ್ವಲ್ಪ ಸೆಂಟರ್ ಕಡೆಗೆ ಬಂದರೆ ಮೈದಾನ 415 ಅಡಿಯವರೆಗೆ ಹರಡಿಕೊಂಡಿದೆ. ಒಂದೇ ಹೊಡೆತಕ್ಕೆ ಮೂರನೇ ಬೇಸ್ ಮುಟ್ಟಿದರೆ ಅದು ಟ್ರಿಪಲ್, ಟ್ರಿಪಲ್ಸ್ ಆಲಿ ಅನ್ನುವುದು ಆ ಜಾಗಕ್ಕೇ. ಅಲ್ಲಿ ಬಿದ್ದ ಚೆಂಡಿನ ಹಿಂದೆ ಓಡಲು ಕಾಲು ಬೇಕು. ಹಿಂದೆ ನೀರು, ಮೆಕೋವಿ ಕೋವ್. ಬಲಗೈ ಬ್ಯಾಟರ್ ಒಬ್ಬ ಪಂದ್ಯದಲ್ಲಿ ಆ ನೀರಿಗೆ ನೇರವಾಗಿ ಚೆಂಡು ಹೊಡೆದದ್ದು 2024ರಲ್ಲಿ, ಮೈದಾನ ಶುರುವಾಗಿ 24 ವರ್ಷ ಆದ ಮೇಲೆ. ಹೊಡೆದವನು ನಮ್ಮ ಎಲಿಯಟ್ ರಾಮೋಸ್.

ಇಂಥ ಮೈದಾನ ಇಟ್ಟುಕೊಂಡು ಕಳೆದ ವರ್ಷ ನಮ್ಮ ಔಟ್‌ಫೀಲ್ಡ್ ಕೈಕೊಟ್ಟಿತು. ರಾಮೋಸ್ ಲೆಫ್ಟ್ ಫೀಲ್ಡ್‌ನಲ್ಲಿ ಸುಲಭದ ಚೆಂಡನ್ನೂ ಬಿಟ್ಟ ದಿನಗಳಿದ್ದವು. ಜಂಗ್ ಹೂ ಲೀ ಮನಸಿಟ್ಟು ಓಡುವವನು, ಆದರೆ ಅಷ್ಟು ದೊಡ್ಡ ಸೆಂಟರ್ ಫೀಲ್ಡ್ ಅವನಿಗೆ ಭಾರವಾಯಿತು. ಈಗ ಹ್ಯಾರಿಸನ್ ಬೇಡರ್ ಬಂದಿದ್ದಾನೆ, ಎರಡು ವರ್ಷಕ್ಕೆ 2.05 ಕೋಟಿ ಡಾಲರ್. ಅವನು ಸೆಂಟರ್‌ಗೆ, ಲೀ ಬಲಗಡೆಗೆ, ರಾಮೋಸ್ ಎಡಗಡೆಯಲ್ಲೇ. ಬೇಡರ್ ಓಡುವ ರೀತಿ ನೋಡಿದರೆ ಪಕ್ಕದವರ ಕೆಲಸ ಅರ್ಧ ಕಡಿಮೆಯಾಗುತ್ತದೆ. ನನ್ನ ಪ್ರಕಾರ ಈ ಚಳಿಗಾಲದ ಅತ್ಯಂತ ಬುದ್ಧಿವಂತ ಖರೀದಿ ಇದು. ಲೀ ಕಳೆದ ವರ್ಷ 12 ಟ್ರಿಪಲ್ ಹೊಡೆದಿದ್ದ, ಅದನ್ನೂ ನೆನಪಿಟ್ಟುಕೊಳ್ಳಿ. ಬೇರೆಯವರಿಗೆ ಕಷ್ಟ ಕೊಡುವ ಮೈದಾನ ಇವನಿಗೆ ಒಗ್ಗುತ್ತದೆ. ಒಂದೇ ತೊಂದರೆ ಅಂದರೆ ಬೇಡರ್‌ಗೆ ಗಾಯಗಳು ಹೊಸದಲ್ಲ, ಅವನು ಕೂತರೆ ಮತ್ತೆ ಹಳೆಯ ಕಥೆಯೇ.

ಔಟ್‌ಫೀಲ್ಡ್ ಸರಿಯಾದರೂ ಇನ್‌ಫೀಲ್ಡ್‌ನಲ್ಲಿ ಒಂದು ಚಿಂತೆ ಹುಟ್ಟಿಕೊಂಡಿದೆ. ಅರಾಯೆಸ್ ಸೆಕೆಂಡ್ ಬೇಸ್‌ನಲ್ಲಿ ಅಷ್ಟೇನೂ ಚುರುಕಿನವನಲ್ಲ. ಹಿಂದಿನ ತಂಡ ಅವನನ್ನು ಹೆಚ್ಚಾಗಿ ಫಸ್ಟ್ ಬೇಸ್‌ನಲ್ಲಿ ನಿಲ್ಲಿಸಿದ್ದು ಅದಕ್ಕೇ. ನಮ್ಮಲ್ಲಿ ಇದು ಯಾಕೆ ಮುಖ್ಯ ಅಂದರೆ, ತಂಡದ ಮೊದಲ ಪಿಚರ್ ಲೋಗನ್ ವೆಬ್ ಎಸೆಯುವ ಚೆಂಡು ಕೆಳಕ್ಕೆ ಇಳಿಯುತ್ತದೆ, ಬ್ಯಾಟರ್ ಅದನ್ನು ನೆಲಕ್ಕೆ ಹೊಡೆಯುತ್ತಾನೆ. ನೆಲದ ಮೇಲೆ ಉರುಳುವ ಆ ಚೆಂಡುಗಳನ್ನು ಹಿಡಿಯಬೇಕಾದವರು ಇನ್‌ಫೀಲ್ಡ್‌ನವರೇ. ಥರ್ಡ್ ಬೇಸ್‌ನಲ್ಲಿ ಚಾಪ್‌ಮನ್ ಇದ್ದಾನೆ, ಒಳ್ಳೆಯ ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲವ್ ಪ್ರಶಸ್ತಿ ಐದು ಸಲ ಗೆದ್ದವನು, ಆ ಕಡೆ ಭಯವಿಲ್ಲ. ಬಲಗಡೆ ಅರಾಯೆಸ್, ಅವನ ಪಕ್ಕ ಇನ್ನೂ ಫಸ್ಟ್ ಬೇಸ್ ಕಲಿಯುತ್ತಿರುವ ಡೆವರ್ಸ್. ಇದಕ್ಕಾಗಿಯೇ ರಾನ್ ವಾಷಿಂಗ್ಟನ್ ಅವರನ್ನು ಕೋಚ್ ಆಗಿ ಕರೆತಂದಿದ್ದಾರೆ. ಇನ್‌ಫೀಲ್ಡ್ ಕಲಿಸುವುದರಲ್ಲಿ ಅವರಿಗಿರುವಷ್ಟು ಹೆಸರು ಬೇರೆ ಯಾರಿಗೂ ಇಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಮೈದಾನಕ್ಕಿಳಿದು, ಸಣ್ಣ ಗ್ಲವ್ ಕೊಟ್ಟು, ಮಂಡಿಯೂರಿಸಿ, ಹತ್ತಿರದಿಂದ ಚೆಂಡು ಉರುಳಿಸಿ ಕೈ ಪಳಗಿಸುವ ಮನುಷ್ಯ. ಪಂದ್ಯದಲ್ಲಿ ನಾವು ಮುಂದಿದ್ದರೆ ಎಂಟನೇ ಇನಿಂಗ್ಸ್‌ನಲ್ಲಿ ಅರಾಯೆಸ್‌ನನ್ನು ಕೂರಿಸಿ ಕೇಸಿ ಶ್ಮಿಟ್‌ನನ್ನು ತರುವುದು ಒಳ್ಳೆಯದು ಅಂತ ನನ್ನ ಅನಿಸಿಕೆ.

ಇನ್ನು ಬ್ರೈಸ್ ಎಲ್ಡ್ರಿಜ್. ಆರು ಅಡಿ ಏಳು ಅಂಗುಲದ 21ರ ಹುಡುಗ. 2023ರ ಡ್ರಾಫ್ಟ್‌ನಲ್ಲಿ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸುವಾಗ 16ನೆಯವನಾಗಿ ಆಯ್ಕೆಯಾದ. ಕಳೆದ ಸೆಪ್ಟೆಂಬರ್‌ನಲ್ಲಿ ಕೆಲವೇ ಪಂದ್ಯ ಆಡಿದ, ಆಮೇಲೆ ಮಣಿಕಟ್ಟಿನ ಶಸ್ತ್ರಚಿಕಿತ್ಸೆ ಆಯಿತು. ಅವನ ಜಾಗವೂ ಫಸ್ಟ್ ಬೇಸ್, ಡೆವರ್ಸ್ ಜಾಗವೂ ಅದೇ. ಒಬ್ಬ ಆಡಿದರೆ ಇನ್ನೊಬ್ಬ ಬರೀ ಬ್ಯಾಟ್ ಮಾಡುವವನಾಗಬೇಕು. ಜನ ಅವನನ್ನು ಈಗಲೇ ನೋಡಬೇಕು ಅಂತ ಕಾತರದಿಂದಿದ್ದಾರೆ, ನಾನೂ ಇದ್ದೇನೆ. ಆದರೆ ಅವನಿಗೆ ದಿನಾ ಬ್ಯಾಟ್ ಮಾಡಲು ಸಿಗುವುದಾದರೆ ಮಾತ್ರ ಮೇಲಿಡಬೇಕು. ವಾರಕ್ಕೆ ಎರಡು ದಿನ ಆಡಿಸಿ ಉಳಿದ ದಿನ ಬೆಂಚ್ ಮೇಲೆ ಕೂರಿಸುವುದಕ್ಕಿಂತ ಸ್ಯಾಕ್ರಮೆಂಟೊದಲ್ಲಿ ಎರಡು ತಿಂಗಳು ಆಡಿ ಬರಲಿ. ಮಣಿಕಟ್ಟು ನೋವಿನಿಂದ ಎದ್ದ ಬ್ಯಾಟರ್‌ಗೆ ಮೊದಲು ಬೇಕಾಗುವುದು ಎಡೆಬಿಡದ ಆಟ.

ಕ್ಯಾಚರ್ (ನಮ್ಮ ವಿಕೆಟ್ ಕೀಪರ್ ಥರ) ಪ್ಯಾಟ್ರಿಕ್ ಬೇಲಿ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಈ ವರ್ಷ ಬಂದಿರುವ ಹೊಸ ನಿಯಮ ಎಲ್ಲರಿಗಿಂತ ಜಾಸ್ತಿ ಅವನನ್ನು ಮುಟ್ಟಬಹುದು. ಬೇಲಿ ಬ್ಯಾಟಿಂಗ್ ಸಾಧಾರಣ, ಕಳೆದ ವರ್ಷ ಸರಾಸರಿ .222. ಆದರೂ ತಂಡ ಅವನನ್ನು ಬಿಡುವುದಿಲ್ಲ. 2024, 2025 ಎರಡೂ ವರ್ಷ ಗೋಲ್ಡ್ ಗ್ಲವ್ ಅವನದೇ. ಅವನ ದೊಡ್ಡ ವಿದ್ಯೆ ಏನು ಅಂದರೆ, ಸ್ಟ್ರೈಕ್ ವಲಯದ (ಬ್ಯಾಟರ್ ಹೊಡೆಯಬೇಕಾದ ಎತ್ತರ, ಅಗಲದೊಳಗಿನ ಜಾಗ) ಅಂಚಿನಿಂದ ಕೂದಲೆಳೆ ಹೊರಗೆ ಬಂದ ಚೆಂಡನ್ನು ಹಿಡಿಯುವ ಕ್ಷಣದಲ್ಲಿ ಗ್ಲವ್ ಅನ್ನು ನಯವಾಗಿ ಒಳಕ್ಕೆ ತಂದುಬಿಡುತ್ತಾನೆ. ಅಂಪೈರ್ ಕಣ್ಣಿಗೆ ಅದು ಸ್ಟ್ರೈಕ್. ಇದನ್ನು ಫ್ರೇಮಿಂಗ್ ಅನ್ನುತ್ತಾರೆ. ಈ ಕೆಲಸದಲ್ಲಿ ಇಡೀ ಲೀಗ್‌ಗೆ ಅವನೇ ಮೊದಲಿಗ.

2026ರಿಂದ ಸ್ಟ್ರೈಕ್ ತೀರ್ಪನ್ನು ಪ್ರಶ್ನಿಸಬಹುದು. ನಮ್ಮ ಡಿಆರ್‌ಎಸ್ ಥರ. ಒಂದು ತಂಡಕ್ಕೆ ಎರಡು ಅವಕಾಶ, ಸರಿಯಾದರೆ ಅವಕಾಶ ಉಳಿಯುತ್ತದೆ, ತಪ್ಪಾದರೆ ಹೋಗುತ್ತದೆ. ಕೇಳಬೇಕಾದವರು ಬ್ಯಾಟರ್, ಪಿಚರ್ ಅಥವಾ ಕ್ಯಾಚರ್ ಮಾತ್ರ. ಬೆಂಚಿನಿಂದ ಸನ್ನೆ ಮಾಡುವಂತಿಲ್ಲ. ಅಂದರೆ ಬೇಲಿ ಕಷ್ಟಪಟ್ಟು ಗಿಟ್ಟಿಸಿದ ಸ್ಟ್ರೈಕ್ ಒಂದನ್ನು ಎದುರಾಳಿ ತಲೆ ತಟ್ಟಿ ಕೇಳಿದರೆ ಕ್ಯಾಮೆರಾ ಅದನ್ನು ಕಿತ್ತುಕೊಳ್ಳಬಹುದು. ಹಾಗಂತ ಅವನ ಬೆಲೆ ಪೂರ್ತಿ ಇಳಿಯುತ್ತದೆ ಅಂತ ನನಗನಿಸುವುದಿಲ್ಲ. ಪಂದ್ಯವೊಂದರಲ್ಲಿ ಸುಮಾರು ಮುನ್ನೂರು ಚೆಂಡು ಎಸೆಯುತ್ತಾರೆ, ಪ್ರಶ್ನಿಸುವುದು ಬೆರಳೆಣಿಕೆಯಷ್ಟು. ಇನ್ನೊಂದು ಕಡೆಯಿಂದ ನೋಡಿದರೆ, ಅಂಚು ಎಲ್ಲಿದೆ ಅಂತ ಅವನಷ್ಟು ಚೆನ್ನಾಗಿ ಗೊತ್ತಿರುವವರು ಯಾರು? ಯಾವಾಗ ಕೇಳಬೇಕು, ಯಾವಾಗ ಸುಮ್ಮನಿರಬೇಕು ಅನ್ನುವುದು ಈ ವರ್ಷ ಕ್ಯಾಚರ್‌ನ ಹೊಸ ಕಲೆ. ಮೊದಲ ಒಂದು ತಿಂಗಳು ಇದನ್ನೇ ಕಣ್ಣಿಟ್ಟು ನೋಡುವವನಿದ್ದೇನೆ.

ಪಿಚಿಂಗ್‌ಗೆ ಬರೋಣ. ವೆಬ್ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ಕಳೆದ ವರ್ಷ 207 ಇನಿಂಗ್ಸ್, 224 ಸ್ಟ್ರೈಕ್ ಔಟ್, ಎರಡರಲ್ಲೂ ನ್ಯಾಷನಲ್ ಲೀಗ್‌ಗೆ ಅವನೇ ಮೊದಲು. ಎರಡನೆಯವನು ರಾಬಿ ರೇ, ಎಡಗೈ, 2021ರಲ್ಲಿ ಟೊರೊಂಟೊದಲ್ಲಿದ್ದಾಗ ಲೀಗ್‌ನ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಪಡೆದವನು. ಅವನ ಒಪ್ಪಂದ ಈ ವರ್ಷಕ್ಕೆ ಮುಗಿಯುತ್ತದೆ. ಮೂರನೆಯವನು ಲ್ಯಾಂಡನ್ ರೂಪ್, ಒಳ್ಳೆಯ ಕರ್ವ್ ಬಾಲ್ ಇದೆ, ಕಳೆದ ಆಗಸ್ಟ್‌ನಲ್ಲಿ ಮಂಡಿ ನೋವಿಗೆ ಸಿಕ್ಕಿಕೊಂಡ. ಆಮೇಲೆ ಹೊಸಬರಿಬ್ಬರು. ಏಡ್ರಿಯನ್ ಹೌಸರ್, ಎರಡು ವರ್ಷಕ್ಕೆ 2.2 ಕೋಟಿ. ಟೈಲರ್ ಮಾಲಿ, ಒಂದು ವರ್ಷಕ್ಕೆ 1 ಕೋಟಿ. ಮಾಲಿ ಕಳೆದ ವರ್ಷ ಟೆಕ್ಸಸ್‌ಗೆ ಎಸೆದ 16 ಪಂದ್ಯಗಳಲ್ಲಿ ಒಂಬತ್ತು ಇನಿಂಗ್ಸ್‌ಗೆ ಸರಾಸರಿ 2.18 ರನ್ ಮಾತ್ರ ಬಿಟ್ಟುಕೊಟ್ಟ, ಅದು ಅದ್ಭುತ. ಆದರೆ 16 ಅನ್ನುವ ಸಂಖ್ಯೆಯನ್ನೂ ನೋಡಿ. ಉಳಿದ ಸಮಯ ಭುಜದ ನೋವು. ಅಲ್ಲಿಗೆ ವೆಬ್ ಒಬ್ಬನನ್ನು ಬಿಟ್ಟರೆ ವರ್ಷಪೂರ್ತಿ ಎಸೆಯುತ್ತಾನೆ ಅಂತ ಕಣ್ಣುಮುಚ್ಚಿ ನಂಬುವಂಥವರು ಕಡಿಮೆ. ಆರನೆಯವನು, ಏಳನೆಯವನು ಖಂಡಿತ ಬೇಕಾಗುತ್ತಾರೆ. ಹೇಡನ್ ಬರ್ಡ್‌ಸಾಂಗ್, ಕಾರ್ಸನ್ ವಿಸನ್‌ಹಂಟ್, ಬ್ಲೇಡ್ ಟಿಡ್ವೆಲ್ ಥರದ ಹುಡುಗರು ಅಲ್ಲಿ ಸಿಗುತ್ತಾರೆ. ಇಷ್ಟರ ಮಟ್ಟಿಗೆ ಪರವಾಗಿಲ್ಲ ಅನ್ನಬಹುದು.

ಈಗ ಬುಲ್‌ಪೆನ್, ಅಂದರೆ ನಡುವೆ ಬಂದು ಎಸೆಯುವ ಆ ಎಂಟು ಜನ.

ಈಚೆಗೆ ಶುರು ಮಾಡುವ ಪಿಚರ್ ಸರಾಸರಿ ಐದು ಇನಿಂಗ್ಸ್‌ಗಿಂತ ಸ್ವಲ್ಪ ಜಾಸ್ತಿ ಎಸೆಯುತ್ತಾನೆ, ಅಷ್ಟೇ. ಉಳಿದ ಮೂರು ನಾಲ್ಕು ಇನಿಂಗ್ಸ್ ಬುಲ್‌ಪೆನ್‌ನವರದ್ದು. ಕಳೆದ ವರ್ಷದ ಮೊದಲರ್ಧದಲ್ಲಿ ನಮ್ಮ ಬುಲ್‌ಪೆನ್ ಲೀಗ್‌ನ ಅತ್ಯುತ್ತಮವಾದವುಗಳಲ್ಲಿ ಒಂದಾಗಿತ್ತು. ಆ 41–31 ಬಂದದ್ದೇ ಅದರ ಬಲದಿಂದ. ಒಂದು ರನ್ ಮುಂದಿದ್ದರೂ ಸಾಕು, ಪಂದ್ಯ ನಮ್ಮದು ಅನ್ನುವ ಧೈರ್ಯ ಇತ್ತು. ಆಮೇಲೆ ತಂಡ ಕುಸಿಯಿತು, ಜುಲೈ ಕೊನೆಗೆ ಆಡಳಿತ ಕೈಚೆಲ್ಲಿತು. ಟೈಲರ್ ರೋಜರ್ಸ್, ಕೈಯನ್ನು ನೆಲಕ್ಕೆ ತಾಗುವಂತೆ ತಂದು ಎಸೆಯುವವನು, ಮೆಟ್ಸ್‌ಗೆ ಹೋದ. ಕಮೀಲೊ ಡೋವಾಲ್ ಯಾಂಕೀಸ್‌ಗೆ ಹೋದ. ಉಳಿದವರಲ್ಲಿ ಎಲ್ಲರಿಗಿಂತ ಚೆನ್ನಾಗಿದ್ದ ರ‍್ಯಾಂಡಿ ರೊಡ್ರಿಗೆಸ್, ಅದೇ ವರ್ಷ ಆಲ್ ಸ್ಟಾರ್ ಆಗಿದ್ದವನು, ಮೊಣಕೈ ಗಾಯ ಮಾಡಿಕೊಂಡ. ಟಾಮಿ ಜಾನ್ ಶಸ್ತ್ರಚಿಕಿತ್ಸೆ ಅಂದರೆ ಮೊಣಕೈಯ ಹರಿದ ತಂತುವಿನ ಜಾಗಕ್ಕೆ ಬೇರೆ ತಂತು ಕಟ್ಟುವುದು. ವಾಪಸ್ ಬರಲು ವರ್ಷದ ಮೇಲೆ ಹಿಡಿಯುತ್ತದೆ. 2026 ಅವನ ಪಾಲಿಗೆ ಇಲ್ಲ.

ಮೂರು ಮುಖ್ಯ ಕೈಗಳು ಹೋದವು. ಅವರ ಜಾಗಕ್ಕೆ ಬಂದವರು ಯಾರು? ರೋಜರ್ಸ್ ಬದಲಿಗೆ ಬಂದ ಮೂವರಲ್ಲಿ ಹೊಸೆ ಬುಟ್ಟೊ ಒಬ್ಬ, ಅವನು ಕೆಲಸಕ್ಕೆ ಬರುತ್ತಾನೆ. ಎಡಗೈಯ ಸ್ಯಾಮ್ ಹೆಂಜಸ್‌ನನ್ನು ತಂದರು, ಭುಜದ ಶಸ್ತ್ರಚಿಕಿತ್ಸೆಯಿಂದ 2025 ಪೂರ್ತಿ ಆಡಿಲ್ಲ. ಜೇಸನ್ ಫೋಲಿಯನ್ನು ತಂದರು, ಅವನದೂ ಭುಜವೇ, ಈ ಋತುವಿನ ಶುರುವಿಗೆ ಸಿದ್ಧನಿರುವುದಿಲ್ಲ. ಒಂಬತ್ತನೇ ಇನಿಂಗ್ಸ್‌ಗೆ ಹಳೆಯ ರಾಯನ್ ವಾಕರ್. 2024ರಲ್ಲಿ ಒಂಬತ್ತು ಇನಿಂಗ್ಸ್‌ಗೆ 1.91 ರನ್ ಬಿಟ್ಟುಕೊಟ್ಟಿದ್ದವನು 2025ರಲ್ಲಿ ನಾಲ್ಕರ ಮೇಲೆ ಹೋದ. ಅವನ ಸ್ಲೈಡರ್ (ಪಕ್ಕಕ್ಕೆ ಸರಿಯುವ ಎಸೆತ) ಮತ್ತೆ ಹಿಂದಿನ ಹಾಗೆ ಕಚ್ಚಿದರೆ ಇಷ್ಟೆಲ್ಲ ಬರೆಯುವ ಅಗತ್ಯವೇ ಇಲ್ಲ. ಕಚ್ಚದಿದ್ದರೆ ಎರಡನೇ ದಾರಿ ಯಾವುದು ಅಂತ ಪಟ್ಟಿ ನೋಡಿದರೆ ನನಗೆ ಕಾಣುವುದಿಲ್ಲ.

ಆರ್‌ಸಿಬಿ ಅಭಿಮಾನಿಗಳಿಗೆ ಈ ನೋವು ವಿವರಿಸಬೇಕಾಗಿಲ್ಲ, ಅಲ್ವಾ? ಎಷ್ಟು ವರ್ಷ ಮೇಲಿನ ಮೂವರು ಬ್ಯಾಟರ್‌ಗಳ ಮೇಲೆ ದುಡ್ಡು ಸುರಿದು, ಕೊನೆಯ ನಾಲ್ಕು ಓವರ್‌ನಲ್ಲಿ ಪಂದ್ಯ ಕೈಬಿಟ್ಟೆವು. 2025ರ ಜೂನ್ 3ರಂದು ಅಹಮದಾಬಾದ್‌ನಲ್ಲಿ ಕಪ್ ಕೈಗೆ ಬಂದಾಗ ಗೆಲುವಿನ ಅಂತರ 6 ರನ್, ಪಂದ್ಯಶ್ರೇಷ್ಠ ಕೃಣಾಲ್ ಪಾಂಡ್ಯ, ಅದೂ ಬೌಲಿಂಗ್‌ಗೆ. ಹೇಜಲ್‌ವುಡ್, ಭುವನೇಶ್ವರ್ ಇದ್ದ ತಂಡ ಅದು. ಆಟ ಬೇರೆ, ನಿಯಮ ಬೇರೆ, ಆದರೆ ಕೊನೆಯ ಭಾಗ ಕಾಯುವವರಿಲ್ಲದಿದ್ದರೆ ಮೊದಲು ಗಳಿಸಿದ್ದೆಲ್ಲ ಹೇಗೆ ಸೋರಿಹೋಗುತ್ತದೆ ಅನ್ನುವುದು ಎರಡೂ ಕಡೆ ಒಂದೇ.

ಯಾಕೆ ಹೀಗೆ ಬಿಟ್ಟರು ಅನ್ನುವುದಕ್ಕೆ ದುಡ್ಡಿನ ಲೆಕ್ಕ ಸ್ವಲ್ಪ ಉತ್ತರ ಕೊಡುತ್ತದೆ. ಡೆವರ್ಸ್, ಅಡಾಮೆಸ್, ಚಾಪ್‌ಮನ್, ಲೀ, ವೆಬ್, ಇವರ ದೀರ್ಘ ಒಪ್ಪಂದಗಳು ಈಗಾಗಲೇ ತೂಗುತ್ತಿವೆ. ಚಳಿಗಾಲದಲ್ಲಿ ಬಂದ ಬೇಡರ್, ಹೌಸರ್, ಮಾಲಿ, ಅರಾಯೆಸ್, ಈ ನಾಲ್ವರ ಒಪ್ಪಂದಗಳ ಪೂರ್ತಿ ಮೊತ್ತ ಕೂಡಿಸಿದರೆ 6.45 ಕೋಟಿ ಡಾಲರ್. ನಮ್ಮದೇ ವಿಭಾಗದ ಲಾಸ್ ಏಂಜಲೀಸ್ ಡಾಡ್ಜರ್ಸ್, 2024 ಮತ್ತು 2025 ಎರಡೂ ವರ್ಷದ ಚಾಂಪಿಯನ್, ಕೈಲ್ ಟಕ್ಕರ್ ಒಬ್ಬನಿಗೆ ನಾಲ್ಕು ವರ್ಷಕ್ಕೆ 24 ಕೋಟಿ ಕೊಟ್ಟಿತು. ವರ್ಷಕ್ಕೆ 6 ಕೋಟಿ. ನಮ್ಮ ಇಡೀ ಚಳಿಗಾಲದ ದೊಡ್ಡ ಖರೀದಿಗಳೆಲ್ಲ ಸೇರಿ ಅವರ ಒಬ್ಬ ಆಟಗಾರನ ಒಂದು ವರ್ಷದ ಸಂಬಳಕ್ಕಿಂತ ಸ್ವಲ್ಪ ಮೇಲೆ. ಅವರ ಜೊತೆ ಆ ಆಟ ಆಡಲು ಯಾರಿಂದಲೂ ಆಗುವುದಿಲ್ಲ, ಒಪ್ಪಿದೆ. ಆದರೆ ರೋಜರ್ಸ್ ಥರದ ಒಬ್ಬ ಅನುಭವಿ ರಿಲೀವರ್‌ನ (ಬುಲ್‌ಪೆನ್ ಪಿಚರ್‌ನ) ಬೆಲೆ ಅದರ ಸಣ್ಣ ಪಾಲು. ಬಸ್ಟರ್ ಪೋಸಿ ಆಟಗಾರನಾಗಿ 2010, 2012, 2014, ಮೂರೂ ಕಪ್ ಗೆದ್ದದ್ದು ಗಟ್ಟಿ ಬುಲ್‌ಪೆನ್ ಜೊತೆ. ಕ್ಯಾಚರ್ ಆಗಿ ಅದನ್ನು ಹತ್ತಿರದಿಂದ ಕಂಡವರು. ಈಗ ತಂಡ ಕಟ್ಟುವ ಹೊಣೆ ಅವರದು. ಅವರಿಗೆ ಇದು ಗೊತ್ತಿಲ್ಲ ಅಂತಲ್ಲ, ಹುಡುಗರಲ್ಲಿ ಯಾರೋ ಮೇಲೆದ್ದು ಬರುತ್ತಾರೆ ಅನ್ನುವ ನಂಬಿಕೆ ಇರಬೇಕು. ರಿಲೀವರ್‌ಗಳು ಒಂದು ವರ್ಷ ಚೆನ್ನಾಗಿ ಆಡಿ ಮುಂದಿನ ವರ್ಷ ಬೀಳುವುದು ಜಾಸ್ತಿ, ಹಾಗಾಗಿ ಅಲ್ಲಿ ದುಡ್ಡು ಹಾಕುವುದು ಜೂಜು ಅನ್ನುವ ವಾದವೂ ಸುಳ್ಳಲ್ಲ. ನಾನು ಅದನ್ನು ಅರ್ಧ ಒಪ್ಪುತ್ತೇನೆ. ಎಂಟು ಜನರಲ್ಲಿ ಒಬ್ಬರಿಗಾದರೂ ಆ ಜೂಜು ಆಡಬೇಕಿತ್ತು.

ಇದೆಲ್ಲದರ ಮೇಲೆ ಹೊಸ ಮ್ಯಾನೇಜರ್, ಅಂದರೆ ಪಂದ್ಯ ನಡೆಸುವ ಮುಖ್ಯ ಕೋಚ್. ಬಾಬ್ ಮೆಲ್ವಿನ್ ಅವರನ್ನು ತೆಗೆದು ಟೋನಿ ವಿಟೆಲೊ ಅವರನ್ನು ತಂದಿದ್ದಾರೆ. ಟೆನೆಸಿ ವಿಶ್ವವಿದ್ಯಾಲಯದ ಕೋಚ್, 2024ರಲ್ಲಿ ಕಾಲೇಜು ಚಾಂಪಿಯನ್‌ಶಿಪ್ ಗೆಲ್ಲಿಸಿದವರು. ವೃತ್ತಿಪರ ಬೇಸ್‌ಬಾಲ್‌ನಲ್ಲಿ ಯಾವ ಕೆಲಸವನ್ನೂ ಮಾಡದೆ ಕಾಲೇಜಿನಿಂದ ನೇರವಾಗಿ ಮೇಜರ್ ಲೀಗ್ ಮ್ಯಾನೇಜರ್ ಆದವರು ಅವರಿಗಿಂತ ಮುಂಚೆ ಯಾರೂ ಇಲ್ಲ. ಅವರ ಹುರುಪು, ಹುಡುಗರನ್ನು ಹುರಿದುಂಬಿಸುವ ರೀತಿ ನನಗೆ ಇಷ್ಟ. ಟೆನೆಸಿಯಲ್ಲಿ ಅವರ ಕೈಕೆಳಗೆ ಆಡಿದ ಡ್ರೂ ಗಿಲ್ಬರ್ಟ್, ಟಿಡ್ವೆಲ್ ಇಬ್ಬರೂ ಈಗ ಇಲ್ಲೇ ಇದ್ದಾರೆ.

ನನ್ನ ಚಿಂತೆ ಮತ್ತೆ ಅದೇ ಜಾಗಕ್ಕೆ ಬರುತ್ತದೆ. ಕಾಲೇಜಿನಲ್ಲಿ ಋತುವಿಗೆ ಅರವತ್ತು ಚಿಲ್ಲರೆ ಪಂದ್ಯ, ಹೆಚ್ಚಿನವು ವಾರದ ಕೊನೆಗೆ. ಶುಕ್ರವಾರ ಎಸೆದವನಿಗೆ ಸಾಕಷ್ಟು ಬಿಡುವು ಸಿಗುತ್ತದೆ. ಇಲ್ಲಿ ಮಂಗಳವಾರ, ಬುಧವಾರ ಎಸೆದ ರಿಲೀವರ್‌ನನ್ನು ಗುರುವಾರವೂ ಕರೆಯಬೇಕಾ, ಇಲ್ಲಾ ಆ ಪಂದ್ಯ ಕೈಬಿಟ್ಟರೂ ಸರಿ ಅಂತ ವಿಶ್ರಾಂತಿ ಕೊಡಬೇಕಾ ಅನ್ನುವ ನಿರ್ಧಾರ ಆರು ತಿಂಗಳು ದಿನಾ ಮಾಡಬೇಕು. ಗಟ್ಟಿ ಬುಲ್‌ಪೆನ್ ಇದ್ದರೆ ಹೊಸ ಮ್ಯಾನೇಜರ್ ತಪ್ಪು ಮಾಡಿದರೂ ನಡೆದುಹೋಗುತ್ತದೆ. ಎರಡು ನಂಬಿಕೆಯ ಕೈ ಮಾತ್ರ ಇದ್ದಾಗ ಏಪ್ರಿಲ್‌ನಲ್ಲೇ ಆ ಕೈಗಳನ್ನು ಸುಸ್ತು ಮಾಡಿಬಿಡುವ ಆಸೆ ಹುಟ್ಟುತ್ತದೆ. ಅದನ್ನು ತಡೆಯಲು ಪಕ್ಕದಲ್ಲಿ ಅನುಭವಿಗಳನ್ನು ಕೂರಿಸಿದ್ದಾರೆ. ವಾಷಿಂಗ್ಟನ್ ಇದ್ದಾರೆ, ಹಿಂದೆ ಮ್ಯಾನೇಜರ್ ಆಗಿದ್ದ ಜೇಸ್ ಟಿಂಗ್ಲರ್ ಇದ್ದಾರೆ, ಮೂರು ಕಪ್ ಗೆಲ್ಲಿಸಿದ ಬ್ರೂಸ್ ಬೋಚಿ ಸಲಹೆಗಾರರಾಗಿ ಮರಳಿ ಬಂದಿದ್ದಾರೆ. ಬುಲ್‌ಪೆನ್ ನಡೆಸುವುದರಲ್ಲಿ ಬೋಚಿಗಿಂತ ಒಳ್ಳೆಯ ಗುರು ಸಿಗುವುದಿಲ್ಲ. ವಿಟೆಲೊ ಅವರಿಗೆ ದಿನಾ ಫೋನ್ ಮಾಡಿದರೂ ತಪ್ಪಿಲ್ಲ.

ನನ್ನ ಲೆಕ್ಕ ಕೇಳಿದರೆ 84 ಗೆಲುವು. ಬೇಡರ್‌ನಿಂದ ಎರಡು, ಡೆವರ್ಸ್ ಪೂರ್ತಿ ವರ್ಷ ಇರುವುದರಿಂದ ಎರಡು, ಅರಾಯೆಸ್‌ನಿಂದ ಒಂದು, ಕೊನೆಯ ಇನಿಂಗ್ಸ್‌ಗಳಲ್ಲಿ ಕಳೆದುಕೊಳ್ಳುವುದು ಎರಡು. ಅದು ಪ್ಲೇಆಫ್ ಬಾಗಿಲಿಗೆ ಸರಿಯಾಗಿ ತಾಗುವ ಸಂಖ್ಯೆ. ಡಾಡ್ಜರ್ಸ್‌ನ್ನು ಹಿಂದಿಕ್ಕುವುದು ಆಗುವ ಮಾತಲ್ಲ, ಕಳೆದ ವರ್ಷ 90 ಗೆದ್ದ ಸ್ಯಾನ್ ಡಿಯೇಗೊ ಕೂಡ ಮುಂದೇ ಇದೆ. ಆಗಸ್ಟ್ 3ರ ವರ್ಗಾವಣೆ ಗಡುವಿನ ಹೊತ್ತಿಗೆ ತಂಡ ಇನ್ನೂ ಆಸೆಯಲ್ಲಿದ್ದರೆ, ಕಳೆದ ವರ್ಷ ಮಾರಿದವರು ಈ ವರ್ಷ ಕೊಳ್ಳುವವರಾಗಬೇಕು, ಮೊದಲು ಕೊಳ್ಳಬೇಕಾದದ್ದು ಎರಡು ಗಟ್ಟಿ ಕೈ.

25ರ ಸಂಜೆ ಪಂದ್ಯ ಶುರುವಾಗುವಾಗ ಊರಿನಲ್ಲಿ 26ರ ಬೆಳಗಿನ ಜಾವ ಕಳೆದಿರುತ್ತದೆ, ಕಾಫಿ ಹೊತ್ತಿಗೆ ನೋಡಬಹುದು. ಎಲ್ಲ ಸರಿಹೋದರೆ ವೆಬ್ ಎಸೆಯುತ್ತಾನೆ. ಅವನು ಆರು ಇನಿಂಗ್ಸ್ ಮುಗಿಸಿ ಕೂತ ಮೇಲೆ ಸೆಂಟರ್ ಫೀಲ್ಡ್ ಗೋಡೆಯ ಬಾಗಿಲು ತೆರೆಯುತ್ತದೆ. ಎದುರಾಳಿಯ ಕಡೆ ಡೋವಾಲ್ ಕೂತಿರುತ್ತಾನೆ. ನಮ್ಮ ಬಾಗಿಲಿನಿಂದ ಯಾರು ಓಡಿಬರುತ್ತಾರೆ ಅಂತ ನೋಡಿ.